‘ಏನಾಯ್ತು ಹೇಳಿ’ ಅಂತ ಕೇಳಬೇಡಿ

ಕೆನಡಾದಲ್ಲಿ ರೆಸಿಡೆನ್ಶಿಯಲ್ ಶಾಲೆಗಳ ಮಕ್ಕಳನ್ನು ನೆನೆಯುವ ಕಿತ್ತಳೆ ಶರ್ಟ್ ದಿನ, ಅಂದರೆ ಸೆಪ್ಟೆಂಬರ್ 30, ಬಂದರೆ ನನಗೆ ಒಂದೇ ಥರದ ಫೋನ್ ಬರುತ್ತದೆ. ಇಲ್ಲಿನ ವಿನ್ನಿಪೆಗ್ ನಗರದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೇರ್ ಹೋಮ್‌ನಲ್ಲೋ ಆಸ್ಪತ್ರೆಯಲ್ಲೋ ಕೆಲಸ ಮಾಡುವ ನಮ್ಮ ಕನ್ನಡದ ಹುಡುಗ ಹುಡುಗಿಯರದು. ಅವತ್ತು ಕಿತ್ತಳೆ ಶರ್ಟ್ ಹಾಕಿಕೊಂಡು ಕೆಲಸಕ್ಕೆ ಹೋಗಿರುತ್ತಾರೆ. ಕ್ರೀ ಎಂಬ ಮೂಲನಿವಾಸಿ ಸಮುದಾಯದ ಅಜ್ಜಿಯೊಬ್ಬರ ಪಕ್ಕ ಕೂತು, ‘ಆ ಶಾಲೆಯಲ್ಲಿ ನಿಮಗೆ ಏನಾಯ್ತು? ಹೇಳಿಕೊಳ್ಳಿ, ಮನಸ್ಸು ಹಗುರ ಆಗುತ್ತೆ’ ಎಂದಿರುತ್ತಾರೆ. ಅಜ್ಜಿ ಗೋಡೆ ಕಡೆ ತಿರುಗಿ ಮಲಗಿದವರು ಊಟ ಬಿಟ್ಟಿದ್ದಾರೆ. ‘ನಾನು ಪ್ರೀತಿಯಿಂದಾನೇ ಕೇಳಿದ್ದು ಮೇಡಂ.’

ಪ್ರೀತಿಯಿಂದಲೇ ಕೇಳಿದ್ದು, ಗೊತ್ತು. ಆದರೂ ಕೇಳಬಾರದಿತ್ತು.

ಕೆನಡಾದ ರೆಸಿಡೆನ್ಶಿಯಲ್ ಶಾಲೆಗಳ ಇಡೀ ಚರಿತ್ರೆಯನ್ನು ಇಲ್ಲಿ ಬರೆಯುವುದಿಲ್ಲ. ಸರ್ಕಾರದ ದುಡ್ಡು, ಚರ್ಚುಗಳ ಆಡಳಿತ, ಮನೆಯವರಿಂದ ದೂರ ಇಟ್ಟ ಸುಮಾರು 1,50,000 ಮೂಲನಿವಾಸಿ ಮಕ್ಕಳು, 1990ರ ದಶಕದ ತನಕ. ಇಷ್ಟು ನಿಮಗೆ ಗೊತ್ತಿರುತ್ತದೆ. ಆದರೆ ‘ನಮ್ಮ ಹಾಸ್ಟೆಲಲ್ಲೂ ವಾರ್ಡನ್ ಹೊಡೀತಿದ್ರು’ ಎನ್ನುವವರಿಗೆ ಒಂದು ಮಾತು. ನಾನೂ ಹಾಸ್ಟೆಲಲ್ಲಿ ಬೆಳೆದವಳೇ. ರಜೆಗೆ ಮನೆಗೆ ಹೋದರೆ ಅಮ್ಮನ ಜೊತೆ ಅದೇ ಕನ್ನಡದಲ್ಲಿ ಮಾತಾಡುತ್ತಿದ್ದೆ. ಇಲ್ಲಿ ಶಾಲೆಯ ಉದ್ದೇಶವೇ ಮಕ್ಕಳ ತಾಯಿಮಾತನ್ನು ಕಿತ್ತುಹಾಕುವುದಾಗಿತ್ತು. ಮಕ್ಕಳ ಜಡೆ ಕತ್ತರಿಸಿದರು. ಎಷ್ಟೋ ಕಡೆ ಹೆಸರಿನ ಬದಲು ನಂಬರ್ ಹಿಡಿದು ಕರೆದರು. ಅಣ್ಣ ತಂಗಿ ಒಂದೇ ಕಟ್ಟಡದಲ್ಲಿದ್ದರೂ ಮಾತಾಡಲು ಬಿಡಲಿಲ್ಲ. ನೀವು ಹಾಕುವ ಕಿತ್ತಳೆ ಶರ್ಟ್ ಕೂಡ ಫಿಲಿಸ್ ವೆಬ್‌ಸ್ಟಾಡ್ ಅವರ ನೆನಪಿನದು. 1973ರಲ್ಲಿ, ಆರು ವರ್ಷದವರಾಗಿದ್ದಾಗ, ಅಜ್ಜಿ ಕೊಡಿಸಿದ ಹೊಸ ಶರ್ಟನ್ನು ಶಾಲೆಯ ಮೊದಲ ದಿನವೇ ಕಿತ್ತುಕೊಂಡರು.

ಗಮನಿಸಿ, ಎಲ್ಲಾ ಕಿತ್ತುಕೊಂಡದ್ದೇ. ಇಷ್ಟೆಲ್ಲ ಕಳೆದುಕೊಂಡವರ ಹತ್ತಿರ ಅವರದೇ ಅಂತ ಉಳಿದಿರುವುದು ಅವರ ಕಥೆ. ಅದನ್ನು ಯಾರಿಗೆ, ಯಾವಾಗ ಹೇಳಬೇಕು ಅನ್ನೋದು ಅವರ ಕೈಯಲ್ಲಿರಬೇಕು. ನಾನು ವರ್ಷಗಟ್ಟಲೆ ಹೇಳುತ್ತಾ ಬಂದಿರುವುದು ಇಷ್ಟೇ. ಆದರೂ ‘ಹೇಳಿಕೊಂಡರೆ ಹಗುರ’ ಎಂಬ ನಂಬಿಕೆ ನಮ್ಮವರಲ್ಲಿ ಎಷ್ಟು ಗಟ್ಟಿ ಅಂದರೆ, ಮುಂದಿನ ವರ್ಷ ಮತ್ತೆ ಅದೇ ಫೋನ್.

ಆ ಶಾಲೆಗಳಲ್ಲಿ ಓದಿದ ಎಷ್ಟೋ ಜನ ಒಮ್ಮೆ ಹೇಳಿಯೂ ಆಗಿದೆ. ಅವರು, ಸರ್ಕಾರ ಮತ್ತು ಚರ್ಚುಗಳ ನಡುವಿನ 2007ರ ಒಪ್ಪಂದದ ಮೇಲೆ ಪರಿಹಾರಕ್ಕಾಗಿ 38,000ಕ್ಕೂ ಹೆಚ್ಚು ಅರ್ಜಿ ಬಂದವು. ಮುಚ್ಚಿದ ಕೋಣೆಯ ವಿಚಾರಣೆ. ಯಾರು, ಎಲ್ಲಿ, ಎಷ್ಟು ಸಲ? ಒಂದೊಂದು ಹಿಂಸೆಗೂ ಇಷ್ಟು ಅಂಕ, ಅಂಕಕ್ಕೆ ತಕ್ಕ ದುಡ್ಡು. ಗಂಡನಿಗೋ ಹೆಂಡತಿಗೋ ಕೂಡ ಹೇಳದ್ದನ್ನು ಅಲ್ಲಿ ಹೇಳಿದವರಿದ್ದಾರೆ. ಆ ದಾಖಲೆ ಯಾರದು ಎಂಬ ಜಗಳ ಸುಪ್ರೀಂ ಕೋರ್ಟ್ ತನಕ ಹೋಯಿತು. 2017ರಲ್ಲಿ ಕೋರ್ಟ್ ಹೇಳಿತು: 15 ವರ್ಷ ಇಟ್ಟು ನಾಶ ಮಾಡಿ, ಹೇಳಿದವರೇ ಉಳಿಸಿ ಎಂದರೆ ಮಾತ್ರ ಉಳಿಸಿ. ಆಯ್ಕೆ ಅವರದೇ ಅಲ್ವಾ? ನ್ಯಾಯಾಲಯಕ್ಕೆ ಅರ್ಥವಾದದ್ದು ನಮಗೂ ಅರ್ಥವಾಗಬೇಕು.

ಹಾಗಂತ ಹೇಳುವುದೇ ಕೆಟ್ಟದ್ದಲ್ಲ. ಈ ಶಾಲೆಗಳಲ್ಲಿ ನಡೆದದ್ದನ್ನು ಕೇಳಿ ದಾಖಲಿಸಲು, ನ್ಯಾಯಾಧೀಶ ಮರ್ರೆ ಸಿಂಕ್ಲೇರ್ ಮುಂದಾಳತ್ವದಲ್ಲಿ ನಡೆದ ಸತ್ಯ ಮತ್ತು ಸಾಮರಸ್ಯ ಆಯೋಗದ ಮುಂದೆ 6,500ಕ್ಕೂ ಹೆಚ್ಚು ಜನ ಮಾತಾಡಿದರು. ಕೆಲವರಿಗೆ ಅದರಿಂದ ನಿಜವಾಗಿ ಒಳ್ಳೆಯದಾಯಿತು. ಆದರೆ ಅಲ್ಲಿ ಪಕ್ಕದಲ್ಲಿ ಮನೆಯವರಿದ್ದರು, ಹಿರಿಯರಿದ್ದರು. ಕಣ್ಣೀರು ಒರೆಸಿದ ಟಿಶ್ಯೂಗಳನ್ನು ಕೂಡಿಸಿ ಪವಿತ್ರ ಬೆಂಕಿಗೆ ಒಪ್ಪಿಸುತ್ತಿದ್ದರು. ನಿಮ್ಮ ಶಿಫ್ಟ್ ಮುಗಿಯಲು ಹತ್ತು ನಿಮಿಷ ಇರುವಾಗ ಕೆರೆದ ಗಾಯಕ್ಕೆ ರಾತ್ರಿ ಯಾರು ಜೊತೆ ಕೂರುತ್ತಾರೆ?

ಈ ಪಾಠ ನಾನು ಕಲಿತದ್ದೂ ತಪ್ಪಿನಿಂದಲೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ತಾತನಿಗೆ ಮೊದಲ ಭೇಟಿಯಲ್ಲೇ ಶಾಲೆಯ ವಿಷಯ ಕೇಳಿಬಿಟ್ಟೆ. ಅವರು ಟೋಪಿ ಎತ್ತಿಕೊಂಡು ಹೋದರು. ಮತ್ತೆ ಬರಲೇ ಇಲ್ಲ. ಇವತ್ತಿಗೂ ಆ ಖಾಲಿ ಕುರ್ಚಿ ಕಣ್ಣ ಮುಂದೆ ಬರುತ್ತದೆ.

ಹಾಗಾದರೆ ಏನು ಮಾಡಬೇಕು? ಎಲ್ಲರಿಗೂ ಹೊಂದುವ ಸೂತ್ರ ನನ್ನ ಹತ್ತಿರ ಇಲ್ಲ. ಒಂದು ಮಾತ್ರ ಹೇಳಬಲ್ಲೆ. ಮುದಿ ವಯಸ್ಸಿನಲ್ಲಿ ಕೇರ್ ಹೋಮ್ ಅವರಿಗೆ ಮತ್ತೆ ಆ ಶಾಲೆಯ ಹಾಗೆ ಕಾಣಬಹುದು. ಸಾಲು ಮಂಚ, ಉದ್ದ ಕಾರಿಡಾರ್, ಗಂಟೆ ಹೊಡೆದರೆ ಊಟ, ಬೇರೆಯವರು ಮಾಡಿಸುವ ಸ್ನಾನ. ಮುಟ್ಟುವ ಮೊದಲು ಕೇಳಿ. ಬಾಗಿಲು ತೆರೆದಿಡಲೋ ಮುಚ್ಚಲೋ ಕೇಳಿ. ‘ಬೇಡ’ ಎಂದರೆ ಸುಮ್ನೆ ಒಪ್ಪಿಕೊಳ್ಳಿ. ಚಿಕ್ಕಂದಿನಲ್ಲಿ ಅವರ ‘ಬೇಡ’ಕ್ಕೆ ಯಾರೂ ಬೆಲೆ ಕೊಟ್ಟಿರಲಿಲ್ಲ. ನರಳಾಟ ಜಾಸ್ತಿಯಾದರೆ ನೀವೇ ಚಿಕಿತ್ಸೆಗೆ ಇಳಿಯಬೇಡಿ, ತರಬೇತಿ ಇರುವವರಿಗೆ ತಿಳಿಸಿ.

ಗುರುತು ಸಿಗದ ಹಾಗೆ ಬದಲಿಸಿ ಒಂದು ಘಟನೆ ಹೇಳುತ್ತೇನೆ. ಒಬ್ಬ ಅಜ್ಜಿ ದಿಂಬಿನ ಕೆಳಗೆ ಬ್ರೆಡ್ ಬಚ್ಚಿಡುತ್ತಿದ್ದರು. ಶಾಲೆಯಲ್ಲಿ ಹಸಿದಿದ್ದವರಿಗೆ ಈ ಅಭ್ಯಾಸ ಬೇಗ ಬಿಡುವುದಿಲ್ಲ. ಸಿಬ್ಬಂದಿ ದಿನಾ ಅದನ್ನು ಎಸೆಯುತ್ತಿದ್ದರು, ಅಜ್ಜಿ ದಿನಾ ಅಳುತ್ತಿದ್ದರು. ನಮ್ಮ ಹಾಸನದ ಕಡೆಯ ಹುಡುಗಿ ಒಬ್ಬಳು ಏನೂ ವಿಚಾರಿಸಲಿಲ್ಲ. ಮೇಲಿನವರ ಒಪ್ಪಿಗೆ ಪಡೆದು, ಮುಚ್ಚಳ ಇರುವ ಒಂದು ಬಿಸ್ಕತ್ ಡಬ್ಬಿ ತಂದು ಮಂಚದ ಪಕ್ಕ ಇಟ್ಟಳು. ‘ಇದು ನಿಮ್ಮದು, ಯಾರೂ ಮುಟ್ಟಲ್ಲ’ ಎಂದಳು. ಅಜ್ಜಿ ಎಷ್ಟೋ ದಿನ ಮುಚ್ಚಳ ತೆಗೆದು ಎಣಿಸುತ್ತಿದ್ದರಂತೆ.

ಚಳಿಗಾಲ ಕಳೆದ ಮೇಲೆ ಒಂದು ಸಂಜೆ ಅವರೇ ಡಬ್ಬಿಯನ್ನು ಅವಳ ಮುಂದೆ ಹಿಡಿದು ‘ಮೀಚಿಸೊ’ ಎಂದರು. ಕ್ರೀ ಮಾತಿನಲ್ಲಿ, ತಿನ್ನು ಅಂತ.