ಪಲ್ಪರ್ ನೀರಿನ ಹೊಂಡಕ್ಕೆ ಹಾಕಿದ ಹಣ ಸಿಎಸ್‌ಆರ್ ಆಗುತ್ತದೆಯೇ?

ಪ್ರಶ್ನೆ: ಕೊಡಗಿನಲ್ಲಿ ಕಾಫಿ ತೋಟಗಳಿರುವ ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕಾರ್ಮಿಕರ ಲೈನ್ ಮನೆಗಳ ರಿಪೇರಿ, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಬಿಡುವ ನೀರಿನ ಶುದ್ಧೀಕರಣದ ಖರ್ಚನ್ನು ಸಿಎಸ್‌ಆರ್‌ಗೆ, ಅಂದರೆ ಕಂಪನಿಯ ಸಾಮಾಜಿಕ ಹೊಣೆಗಾರಿಕೆಯ ಖರ್ಚಿಗೆ, ಸೇರಿಸಬಹುದೇ?

ಉತ್ತರ: ಎರಡನ್ನೂ ಸೇರಿಸುವಂತಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ರೂ. ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ತನ್ನ ದಿನನಿತ್ಯದ ವ್ಯವಹಾರ, ತನ್ನ ನೌಕರರಿಗಷ್ಟೇ ಆಗುವ ಅನುಕೂಲ, ಬೇರೆ ಕಾನೂನು ಹೊರಿಸಿದ ಹೊಣೆ, ಇವು ಅದರಲ್ಲಿ ಸೇರುವುದಿಲ್ಲ. ಕಾರ್ಮಿಕರ ವಸತಿ 1951ರ ತೋಟ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ಮಾಲೀಕರದ್ದು. ತೋಡಿಗೆ (ಹಳ್ಳಕ್ಕೆ) ಕೊಳೆನೀರು ಬಿಡಬಾರದೆನ್ನುವುದು 1974ರ ಜಲ ಕಾಯ್ದೆ.

ಹಾಗೆಂದು ಶುದ್ಧೀಕರಣದ ಹೊಂಡದ ಖರ್ಚು ವ್ಯರ್ಥವಲ್ಲ. ಕಂಪನಿಯ ಹೆಸರು ಉಳಿಯುವುದೂ ಕೆಡುವುದೂ ಅಲ್ಲೇ. ಹಣ್ಣಿನ ಲೋಳೆ ಸೇರಿದ ನೀರು ಹುಳಿ, ಸಕ್ಕರೆ ತುಂಬಿದ್ದು. ಹಾಗೆಯೇ ತೋಡಿಗೆ ಬಿಟ್ಟರೆ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿ ಮೀನು ಸಾಯುತ್ತವೆ. ಮೊದಲು ಸುಣ್ಣ ಹಾಕಿ ಪಿಎಚ್ (ಹುಳಿಯ ಅಳತೆ) 7ರ ಹತ್ತಿರಕ್ಕೆ ತರಬೇಕು, ಆಮೇಲೆ ಗಾಳಿಯಾಡದ ಹೊಂಡ, ಕೊನೆಗೆ ಗಾಳಿಯಾಡುವ ಹೊಂಡ. ಹುಳಿ ಇಳಿಯದಿದ್ದರೆ ಗಾಳಿಯಾಡದ ಹೊಂಡದ ಜೀವಿಗಳು ಕೆಲಸವನ್ನೇ ನಿಲ್ಲಿಸುತ್ತವೆ. ನಾತ ಹೊಡೆಯುವುದು ಆಗಲೇ. ಲೋಳೆಯನ್ನು ಉಜ್ಜಿ ತೆಗೆಯುವ ಹೊಸ ಯಂತ್ರಕ್ಕೆ ನೀರು ಕಡಿಮೆ ಸಾಕು, ಆದರೆ ಹೊರಬರುವ ನೀರು ಹೆಚ್ಚು ಮಂದ. ಹಳೆಯ ಲೆಕ್ಕದಲ್ಲೇ ಸುಣ್ಣ ಹಾಕಿದರೆ ಸಾಲದು, ಪಿಎಚ್ ಕಾಗದ ಅದ್ದಿ ನೋಡಲೇಬೇಕು. ಇನ್ನು, ದಿನಕ್ಕೆಷ್ಟು ಪಾರ್ಚ್‌ಮೆಂಟ್ (ಲೋಳೆ ತೆಗೆದ, ಹೊಟ್ಟು ಇರುವ ಕಾಫಿ ಬೀಜ) ಇಳಿಯಿತೆಂದಷ್ಟೇ ತೋಟದ ಲೆಕ್ಕ ಬರೆಯುವ ರೈಟರ್‌ನನ್ನು ಕೇಳುವ ಕಂಪನಿಯಲ್ಲಿ ಕೊಯ್ಲಿನ ಭರಾಟೆಗೆ ಮೊದಲು ತಪ್ಪುವುದು ಈ ಸುಣ್ಣವೇ. ದಿನದ ಪುಸ್ತಕದಲ್ಲಿ ಪಾರ್ಚ್‌ಮೆಂಟಿನ ಪಕ್ಕದಲ್ಲೇ ಪಿಎಚ್‌ಗೂ ಒಂದು ಕಾಲಂ ಇರಲಿ. ಪರಿಸರಸ್ನೇಹಿ ಕಾಫಿ ಎಂಬ ಪ್ರಮಾಣಪತ್ರದ ತಪಾಸಣೆಗೆ ಬರುವವರು ಕೇಳುವುದು ಇಂಥ ದಾಖಲೆಯನ್ನೇ, ಮತ್ತು ಪ್ರಮಾಣಪತ್ರವಿಲ್ಲದೆ ಕಾಫಿ ಮುಟ್ಟದ ಖರೀದಿದಾರರಿದ್ದಾರೆ.

ಹಾಗಾದರೆ ಸಿಎಸ್‌ಆರ್‌ಗೆ ಯಾವುದು ಸಲ್ಲುತ್ತದೆ? ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಗೆ ಪ್ರಚಾರಕ್ಕಾಗಿ ಬ್ಯಾನರ್ ಕಟ್ಟಿಸಿ ಕೊಡುವ ಪ್ರಾಯೋಜಕತ್ವ ಸಲ್ಲದು. ಊರಿನ ಮಕ್ಕಳಿಗೆ ಹಾಕಿ ತರಬೇತಿ ಕೊಡಿಸಿದರೆ ಸಲ್ಲುತ್ತದೆ. ತೋಟದಾಚೆಯ ಸರ್ಕಾರಿ ಶಾಲೆಗೆ ಶೌಚಾಲಯವೂ ಸರಿ. ಕಾರ್ಮಿಕರ ಮಕ್ಕಳೂ ಅಲ್ಲಿ ಓದುತ್ತಾರೆಂದರೆ ಅಡ್ಡಿಯಿಲ್ಲ.

ಟ್ರಸ್ಟ್ ಮೂಲಕ ಮಾಡಿಸುವುದಾದರೆ ಚೆಕ್ ಬರೆಯುವ ಮೊದಲೇ ಅದರ ಸಿಎಸ್‌ಆರ್-1 (ಸಿಎಸ್‌ಆರ್ ಕೆಲಸ ಮಾಡುವ ಸಂಸ್ಥೆಗಳು ಸರ್ಕಾರದಲ್ಲಿ ನೋಂದಾಯಿಸುವ ನಮೂನೆ) ನೋಂದಣಿ ಸಂಖ್ಯೆ ಕೇಳಿ ಪಡೆಯಿರಿ. ಮುಂದುವರಿಯುವ ಯೋಜನೆಯ ಹಣ ಮಾರ್ಚ್ 31ಕ್ಕೆ ಉಳಿದಿದ್ದರೆ 30 ದಿನದೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿ, ಮೂರು ಹಣಕಾಸು ವರ್ಷಗಳಲ್ಲಿ ಖರ್ಚು ಮಾಡಬೇಕು.