ಹೃದಯದ ಬಾಗಿಲಲ್ಲಿ ನೇತಾಡುವ ಗಡ್ಡೆ

"ಹೃದಯಕ್ಕೆ ಮಾತ್ರ ಕ್ಯಾನ್ಸರ್ ಬರುವುದಿಲ್ಲ, ಯಾಕೆಂದರೆ ಅಲ್ಲಿ ಪ್ರೀತಿ ತುಂಬಿರುತ್ತದೆ" ಅನ್ನೋ ಸಂದೇಶ ನಿಮಗೂ ಒಮ್ಮೆಯಾದರೂ ಬಂದಿರಬೇಕು. ಕೆಲವು ಸಲ ಪ್ರೀತಿಯ ಜಾಗದಲ್ಲಿ ಶಾಖ ಇರುತ್ತದೆ, ಇನ್ನು ಕೆಲವು ಸಲ ಕಾಂತಶಕ್ತಿ. ಇಷ್ಟು ದಿನ ಸುಮ್ನೆ ಅಳಿಸಿಹಾಕುತ್ತಿದ್ದೆ, ಈಗ ಸಾಕಾಗಿದೆ. ಹೃದಯದಲ್ಲೂ ಗಡ್ಡೆ ಹುಟ್ಟುತ್ತದೆ. ಕ್ಯಾನ್ಸರ್ ಗಡ್ಡೆಯೂ ಹುಟ್ಟುತ್ತದೆ. ಬಹಳ ಅಪರೂಪ, ಅಷ್ಟೇ.

ಅಪರೂಪ ಯಾಕೆ ಅನ್ನುವುದಕ್ಕೆ ಪ್ರೀತಿಗಿಂತ ಒಳ್ಳೆಯ ಉತ್ತರ ಇದೆ. ಕೋಶಗಳು ಒಡೆದು ಎರಡಾಗುವಾಗ ನಕಲಿನಲ್ಲಿ ತಪ್ಪುಗಳು ನುಸುಳುತ್ತವೆ, ಅಂಥ ತಪ್ಪುಗಳು ಸೇರಿ ಗಡ್ಡೆ ಆಗುತ್ತದೆ. ಹೃದಯದ ಸ್ನಾಯುಕೋಶಗಳು ಒಡೆಯುವುದೇ ಕಡಿಮೆ. ಎಷ್ಟು ಕಡಿಮೆ ಅಂತ ತಿಳಿದದ್ದು ಅಣುಬಾಂಬಿನಿಂದ, ನಂಬಿ! 1963ಕ್ಕೆ ಮೊದಲು ನಡೆದ ಬಯಲು ಅಣುಪರೀಕ್ಷೆಗಳು ಗಾಳಿಗೆ ಕಾರ್ಬನ್-14 ಅನ್ನುವ ವಿಕಿರಣ ಸೂಸುವ ಇಂಗಾಲವನ್ನು ಸೇರಿಸಿದ್ದವು. ಆಮೇಲೆ ಅದು ವರ್ಷ ವರ್ಷ ಇಳಿಯುತ್ತಾ ಬಂತು. ಕೋಶ ಹುಟ್ಟಿದ ವರ್ಷದ ಗಾಳಿಯಲ್ಲಿ ಎಷ್ಟಿತ್ತೋ ಅಷ್ಟು ಅದರ ಡಿಎನ್‌ಎಯಲ್ಲಿ ಉಳಿಯುತ್ತದೆ, ನಾಣ್ಯದ ಮೇಲೆ ಇಸವಿ ಒತ್ತಿದ ಹಾಗೆ. 2009ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನ ಸಂಶೋಧಕರು ಈ ಲೆಕ್ಕ ಬಿಡಿಸಿದರು. 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ 1ರಷ್ಟು ಹೃದಯ ಸ್ನಾಯುಕೋಶಗಳು ಹೊಸದಾಗುತ್ತವೆ, 75ರ ಹೊತ್ತಿಗೆ ಅದು ಶೇ 0.45ಕ್ಕೆ ಇಳಿಯುತ್ತದೆ. ಆದರೆ ಹೃದಯ ಅಂದರೆ ಬರೀ ಸ್ನಾಯು ಅಲ್ಲವಲ್ಲ. ಒಳಪದರ ಇದೆ, ರಕ್ತನಾಳಗಳಿವೆ, ನಾರು ಇದೆ. ಗಡ್ಡೆಗೆ ಅಷ್ಟು ಜಾಗ ಸಾಕು.

ಬೇರೆ ಅಂಗದ ಕ್ಯಾನ್ಸರ್ ಹೃದಯಕ್ಕೆ ಹರಡುವುದು ಹೃದಯದಲ್ಲೇ ಗಡ್ಡೆ ಹುಟ್ಟುವುದಕ್ಕಿಂತ 20 ಪಟ್ಟಿಗಿಂತಲೂ ಜಾಸ್ತಿ, ಅದು ಬೇರೆಯೇ ಕತೆ. ಹೃದಯದಲ್ಲೇ ಹುಟ್ಟುವ ಗಡ್ಡೆಗಳಲ್ಲಿ ನಾಲ್ಕರಲ್ಲಿ ಮೂರಾದರೂ ಕ್ಯಾನ್ಸರ್ ಅಲ್ಲ. ದೊಡ್ಡವರಲ್ಲಿ ಜಾಸ್ತಿ ಸಿಗುವುದು ಮಿಕ್ಸೋಮ. "ಸಾದಾ ಗಡ್ಡೆ" ಅಂತ ಕೇಳಿ ಜನ ಉಸಿರು ಬಿಡುತ್ತಾರೆ. ಬೆನ್ನ ಮೇಲಿನ ಸಾದಾ ಗಡ್ಡೆಗೆ ಅದು ಸರಿ. ಹೃದಯದಲ್ಲಿ ಲೆಕ್ಕಕ್ಕೆ ಬರುವುದು ಗಡ್ಡೆ ಕೂತಿರುವ ಜಾಗ.

ಮಿಕ್ಸೋಮ ಲೋಳೆಸರದ ತಿರುಳಿನ ಹಾಗೆ ಮೆತ್ತಗೆ, ಹೊಳಪಾಗಿ ಇರುತ್ತದೆ. ನಾಲ್ಕರಲ್ಲಿ ಮೂರು ಸಲ ಎಡ ಹೃತ್ಕರ್ಣದಲ್ಲೇ, ಅಂದರೆ ಹೃದಯದ ಎಡಭಾಗದ ಮೇಲಿನ ಕೋಣೆಯಲ್ಲೇ, ಎರಡು ಹೃತ್ಕರ್ಣಗಳ ನಡುವಿನ ಗೋಡೆಗೆ ಒಂದು ತೊಟ್ಟಿನಿಂದ ಅಂಟಿಕೊಂಡು ನೇತಾಡುತ್ತದೆ. ಗಂಟೆಯ ನಾಲಿಗೆಯನ್ನು ನೆನೆಸಿಕೊಳ್ಳಿ. ಕೆಳಗಿನ ಕೋಣೆಗೆ ಬಾಗಿಲಾದ ಮೈಟ್ರಲ್ ಕವಾಟ ತೆರೆದಾಗಲೆಲ್ಲ ರಕ್ತದ ಜೊತೆ ಈ ನಾಲಿಗೆಯೂ ಬಾಗಿಲಿಗೆ ತೂರಿಕೊಳ್ಳುತ್ತದೆ, ಕವಾಟ ಮುಚ್ಚುವಾಗ ವಾಪಸ್ ಬರುತ್ತದೆ, ದಿನಕ್ಕೆ ಸುಮಾರು ಒಂದು ಲಕ್ಷ ಸಲ. ಗಂಟೆಯ ಹೋಲಿಕೆ ಪೂರ್ತಿ ಸರಿಹೋಗಲ್ಲ, ಯಾಕೆಂದರೆ ಗಂಟೆಯ ನಾಲಿಗೆ ಏನನ್ನೂ ಮುಚ್ಚುವುದಿಲ್ಲ. ತೊಟ್ಟಿಯ ತೂತಿಗೆ ಹಾಕುವ ಬಿರಡೆ ಅನ್ನಬಹುದು. ಬಿರಡೆ ಹಾಕಿದ ಕಡೆ ಕೂತಿರುತ್ತದೆ, ಇದು ಬಂದು ಹೋಗಿ ಮಾಡುತ್ತದೆ. ಸರಿ, ಗಾಳಿಗೆ ಬಾಗಿಲ ಸಂದಿಗೆ ಸಿಕ್ಕಿ ಬಿಡಿಸಿಕೊಳ್ಳುವ ಪರದೆ ಅಂತಿಟ್ಟುಕೊಳ್ಳಿ. ಅದಕ್ಕೇ ಕೆಲವರಿಗೆ ಎದ್ದು ಕೂತರೆ ತಲೆಸುತ್ತು, ಮಲಗಿದರೆ ಆರಾಮ. ಕೆಲವರಿಗೆ ಒಂದು ಮಗ್ಗುಲಿಗೆ ಹೊರಳಿದರೆ ಮಾತ್ರ ಉಸಿರು ಸರಾಗ. ಸ್ಟೆತಸ್ಕೋಪ್ ಇಟ್ಟರೆ ಗಡ್ಡೆ "ಪ್ಲಪ್" ಅಂತ ಬೀಳುವ ಸದ್ದು ಕೆಲವೊಮ್ಮೆ ಕೇಳುತ್ತದೆ. ಸಾಲದ್ದಕ್ಕೆ ಇದು ಇಂಟರ್‌ಲ್ಯೂಕಿನ್-6 ಅನ್ನುವ, ಉರಿಯೂತ ಕೆರಳಿಸುವ ವಸ್ತುವನ್ನು ರಕ್ತಕ್ಕೆ ಬಿಡುವುದುಂಟು. ಜ್ವರ, ತೂಕ ಇಳಿಕೆ, ಕೀಲುನೋವು ಶುರುವಾಗಿ ಎಲ್ಲರೂ ಬೇರೆ ಕಾಯಿಲೆ ಹುಡುಕುತ್ತಾ ಕೂರುತ್ತಾರೆ.

"ಗಡ್ಡೆ ಕರಗಿಸುತ್ತೇವೆ" ಅಂತ ಕಷಾಯ, ಪುಡಿ ಮಾರುವವರನ್ನು ಕಂಡರೆ ನನಗೆ ಭಯವಾಗುವುದು ಇಲ್ಲಿಯೇ. ಮಿಕ್ಸೋಮ ಚೂರಾಗುವುದೇ ಇದರ ದೊಡ್ಡ ಅಪಾಯ. ಎಡಭಾಗದ ಚೂರು ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಗೆ ಹೋಗುತ್ತದೆ, ಅಲ್ಲಿಂದ ಮೆದುಳಿಗೆ ಎಷ್ಟು ದೂರ? ಚಿಕ್ಕ ವಯಸ್ಸಿನವರಿಗೆ ಕಾರಣವೇ ಇಲ್ಲದೆ ಲಕ್ವ ಹೊಡೆದಾಗ ವೈದ್ಯರು ಹೃದಯದ ಎಕೋ (ಶಬ್ದದ ಅಲೆಗಳಿಂದ ಮಾಡುವ ಸ್ಕ್ಯಾನ್) ಮಾಡಿಸುವುದಕ್ಕೆ ಇದೂ ಒಂದು ಕಾರಣ. ಪುಣ್ಯಕ್ಕೆ ಕಷಾಯಕ್ಕೆ ಇದನ್ನು ಕರಗಿಸುವ ಶಕ್ತಿ ಇಲ್ಲ, ಕಾಲಹರಣ ಮಾಡಿಸುವ ಶಕ್ತಿ ಇದೆ. ತಾನಾಗಿಯೇ ಕುಗ್ಗುವ ಹೃದಯದ ಗಡ್ಡೆ ಇಲ್ಲವೇ ಅಂದರೆ, ಇದೆ. ಪುಟ್ಟ ಮಕ್ಕಳಿಗೆ ಬರುವ ರ‍್ಯಾಬ್ಡೊಮಯೋಮ ಅನ್ನುವ ಸ್ನಾಯುಗಡ್ಡೆ ಎಷ್ಟೋ ಸಲ ವಯಸ್ಸಾದಂತೆ ಮಾಯವಾಗುತ್ತದೆ, ರಕ್ತಕ್ಕೆ ಅಡ್ಡ ಬರದಿದ್ದರೆ ಸರ್ಜನ್ ಅದನ್ನು ಮುಟ್ಟುವುದಿಲ್ಲ. ಮಿಕ್ಸೋಮಕ್ಕೆ ಆ ಒಳ್ಳೆಯ ಬುದ್ಧಿ ಇಲ್ಲ.

ಹೃದಯದ ಗಡ್ಡೆಯ ಬಗ್ಗೆ ಇಟಲಿಯ ಅಂಗರಚನಾ ತಜ್ಞ ರಿಯಾಲ್ಡೊ ಕೊಲಂಬೊ 1559ರಷ್ಟು ಹಿಂದೆಯೇ ಬರೆದಿದ್ದ. ಆಮೇಲಿನ ಸುಮಾರು ನಾನೂರು ವರ್ಷ ಅದು ಹೆಣ ಕೊಯ್ದಾಗ ಸಿಗುವ ವಸ್ತುವಾಗಿಯೇ ಉಳಿಯಿತು. ಗೊತ್ತಾದರೂ ಏನು ಮಾಡುವುದು? ಹೃದಯದ ಒಳಗೆ ಕೈ ಹಾಕಬೇಕಾದರೆ ರಕ್ತ ನಿಲ್ಲಿಸಬೇಕು, ರಕ್ತ ನಿಂತರೆ ಮೆದುಳಿಗೆ ಕೆಲವೇ ನಿಮಿಷ. 1952ರಲ್ಲಿ ಅಮೆರಿಕದ ಸರ್ಜನ್ ಹೆನ್ರಿ ಬಾನ್ಸನ್ ಹೃದಯಕ್ಕೆ ರಕ್ತ ತರುವ ಸಿರೆಗಳನ್ನು ಬಿಗಿಹಿಡಿದು ಬಲ ಹೃತ್ಕರ್ಣದ ಗಡ್ಡೆ ತೆಗೆದರು, ರೋಗಿ ಒಂದು ತಿಂಗಳೂ ಉಳಿಯಲಿಲ್ಲ. 1953ರಲ್ಲಿ ಅಲ್ಲಿಯವರೇ ಆದ ಜಾನ್ ಗಿಬ್ಬನ್, ಹೃದಯ ಮತ್ತು ಶ್ವಾಸಕೋಶದ ಕೆಲಸವನ್ನು ಹೊರಗಿನಿಂದ ಮಾಡುವ ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಒಬ್ಬ ಯುವತಿಯ ಹೃದಯದಲ್ಲಿದ್ದ ತೂತು ಮುಚ್ಚಿದರು. ಮರುವರ್ಷ ಕ್ಲಾರೆನ್ಸ್ ಕ್ರಾಫೂರ್ಡ್, ಅದೇ ಸ್ಟಾಕ್‌ಹೋಮ್‌ನಲ್ಲಿ, ಯಂತ್ರ ಹಾಕಿ ಎಡ ಹೃತ್ಕರ್ಣದ ಮಿಕ್ಸೋಮ ತೆಗೆದರು. ರೋಗಿ ಬದುಕಿದರು. ಗಿಬ್ಬನ್ ಮುಚ್ಚಿದ ತೂತು ಇದ್ದದ್ದೂ ಮಿಕ್ಸೋಮ ಅಂಟಿಕೊಳ್ಳುವ ಅದೇ ಗೋಡೆಯಲ್ಲಿ!

ಇವತ್ತಿನ ಶಸ್ತ್ರಚಿಕಿತ್ಸೆಯಲ್ಲಿ ನನಗೆ ಬಹಳ ಇಷ್ಟವಾಗುವುದು ಅದರ ಮೊದಲ ನಿಯಮ: ಹೃದಯವನ್ನು ಮುಟ್ಟಬೇಡ. ಎದೆ ಎಲುಬು ತೆರೆದಾಯಿತು, ಕಣ್ಣೆದುರಿಗೇ ಮಿಡಿಯುತ್ತಿದೆ, ಆದರೂ ಎತ್ತುವಂತಿಲ್ಲ, ಒತ್ತುವಂತಿಲ್ಲ. ಒಳಗೆ ಲೋಳೆ ತೂಗುತ್ತಿದೆ, ಸ್ವಲ್ಪ ಅಲುಗಿದರೆ ಚೂರು ಮೆದುಳಿಗೆ. ಮೊದಲು ಕೊಳವೆ ಹಾಕಿ ರಕ್ತವನ್ನು ಯಂತ್ರಕ್ಕೆ ತಿರುಗಿಸುತ್ತಾರೆ, ಮಹಾಪಧಮನಿಗೆ ಕ್ಲಾಂಪ್ ಹಾಕುತ್ತಾರೆ, ಪೊಟ್ಯಾಶಿಯಂ ಬೆರೆಸಿದ ತಣ್ಣನೆಯ ದ್ರವ ಹರಿಸಿ ಹೃದಯವನ್ನು ನಿಲ್ಲಿಸುತ್ತಾರೆ. ಈಗ ಗಡ್ಡೆಯ ಚೂರು ಮೆದುಳಿಗೆ ಹೋಗಲು ದಾರಿಯೇ ಇಲ್ಲ. ಆಮೇಲೆ ಹೃತ್ಕರ್ಣ ತೆರೆದು, ಗಡ್ಡೆಯನ್ನು ಹಿಡಿಯದೆ, ತೊಟ್ಟು ಅಂಟಿದ ಗೋಡೆಯನ್ನೇ ಸುತ್ತ ಸ್ವಲ್ಪ ಅಂಚು ಬಿಟ್ಟು ಕತ್ತರಿಸಿ ಇಡಿಯಾಗಿ ಹೊರತೆಗೆಯುತ್ತಾರೆ. ಬರೀ ತೊಟ್ಟು ಕತ್ತರಿಸಿದರೆ ಬೇರಿನ ಕೋಶ ಉಳಿದು ಮತ್ತೆ ಬೆಳೆಯಬಹುದು. ಕೋಣೆಗಳನ್ನೆಲ್ಲ ಸಲೈನ್‌ನಿಂದ ತೊಳೆದು, ಕವಾಟ ಸೋರುತ್ತಿದೆಯೇ ನೋಡಿ, ಗೋಡೆಯಲ್ಲಿ ಆದ ತೂತಿಗೆ ಹೃದಯದ ಹೊರಚೀಲದ್ದೇ ತುಂಡಿನಿಂದ ತೇಪೆ ಹಾಕುತ್ತಾರೆ. ಕ್ಲಾಂಪ್ ಬಿಟ್ಟು ಬೆಚ್ಚಗಿನ ರಕ್ತ ಹರಿದರೆ ಹೃದಯ ಎಷ್ಟೋ ಸಲ ತಾನೇ ಮಿಡಿಯಲು ಶುರು ಮಾಡುತ್ತದೆ. ಬಹುತೇಕ ಎಲ್ಲರೂ ಚೇತರಿಸಿಕೊಳ್ಳುತ್ತಾರೆ. ಗಡ್ಡೆ ಮತ್ತೆ ಬರುವುದು ನೂರರಲ್ಲಿ ಕೆಲವರಿಗೆ ಮಾತ್ರ. ವಂಶದಲ್ಲಿ ಹರಿಯುವ ಕಾರ್ನಿ ಕಾಂಪ್ಲೆಕ್ಸ್ ಅನ್ನುವ ಕಾಯಿಲೆ ಇದ್ದವರಿಗೆ ಜಾಸ್ತಿ, ಅವರು ಎಕೋ ತಪ್ಪಿಸುವ ಹಾಗಿಲ್ಲ.

ಕ್ಯಾನ್ಸರ್ ಗಡ್ಡೆಯಾದ ಸಾರ್ಕೋಮಕ್ಕೆ ಇಂಥ ತೊಟ್ಟು ಇರುವುದಿಲ್ಲ. ಗೋಡೆಯೊಳಗೇ ಹರಡುತ್ತದೆ, ಗೊತ್ತಾಗುವ ಹೊತ್ತಿಗೆ ಶ್ವಾಸಕೋಶ ತಲುಪಿರುವುದೇ ಹೆಚ್ಚು. ಎಡ ಹೃತ್ಕರ್ಣ ಹೃದಯದ ಹಿಂಭಾಗದಲ್ಲಿದೆ, ಅಲ್ಲಿ ದೊಡ್ಡ ಗಡ್ಡೆಯಿದ್ದರೆ ಮುಂದಿನಿಂದ ಪೂರ್ತಿ ಕಾಣುವುದೂ ಇಲ್ಲ. ಅದಕ್ಕೆ ಅಮೆರಿಕದ ಹ್ಯೂಸ್ಟನ್‌ನ ಸರ್ಜನ್ ಡೆಂಟನ್ ಕೂಲಿ 1980ರ ದಶಕದಲ್ಲಿ ಒಂದು ಧೈರ್ಯದ ಪ್ರಯತ್ನ ಮಾಡಿದರು: ಹೃದಯವನ್ನೇ ಬಿಡಿಸಿ ಹೊರತೆಗೆದು, ಮೇಜಿನ ಮೇಲೆ ತಿರುಗಿಸಿಟ್ಟು ಗಡ್ಡೆ ಕತ್ತರಿಸಿ, ಅದೇ ಹೃದಯವನ್ನು ಅದೇ ವ್ಯಕ್ತಿಗೆ ಮತ್ತೆ ಹೊಲಿಯುವುದು. ಮುಂದೆ ಅದೇ ಊರಿನಲ್ಲಿ ಸಾರ್ಕೋಮಕ್ಕೆ ಈ ದಾರಿ ಪಳಗಿತು. ಕತ್ತರಿಸಿದ ಗೋಡೆಗೆ ಹಸುವಿನ ಹೃದಯಚೀಲದ ಪೊರೆಯಿಂದ ಹೊಸ ಗೋಡೆ ಕಟ್ಟುತ್ತಾರೆ. ಅಷ್ಟು ಹೊತ್ತೂ ಎದೆಯ ಗೂಡು ಖಾಲಿ, ರಕ್ತ ತಿರುಗುವುದು ಯಂತ್ರದಲ್ಲಿ.