ಮಿನುಗದ ಚುಕ್ಕಿಯೆಲ್ಲ ಗ್ರಹವೇ?

ಪ್ರಶ್ನೆ: ಸಂಜೆ ತಾರಸಿಗೆ ಹೋದರೆ ಒಂದೆರಡು ಚುಕ್ಕಿಗಳು ಬಹಳ ಪ್ರಕಾಶವಾಗಿ ಕಾಣುತ್ತವೆ. ಅವು ಗ್ರಹವೋ ನಕ್ಷತ್ರವೋ ಎಂದು ದೂರದರ್ಶಕವಿಲ್ಲದೆ ತಿಳಿಯುವುದು ಹೇಗೆ? ಮಿನುಗಿದರೆ ನಕ್ಷತ್ರ, ಮಿನುಗದಿದ್ದರೆ ಗ್ರಹ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಅಷ್ಟು ಸಾಕೇ?

ಉತ್ತರ: ಸಾಲದು. ಆ ಸೂತ್ರ ತಪ್ಪಲ್ಲ, ಆದರೆ ಅದು ಕೈಕೊಡುವ ಸಂದರ್ಭಗಳು ಬಹಳ.

ಮಿನುಗುವಿಕೆಗೆ ಕಾರಣ ನಕ್ಷತ್ರವಲ್ಲ, ನಮ್ಮ ತಲೆಯ ಮೇಲಿನ ಗಾಳಿ. ಬಿಸಿ ಗಾಳಿ, ತಣ್ಣನೆಯ ಗಾಳಿ ಕಲಸಿಕೊಂಡು ಅಲುಗಾಡುವಾಗ ಬೆಳಕು ಒಂದೆರಡು ಆರ್ಕ್‌ಸೆಕೆಂಡಿನಷ್ಟು ಅತ್ತಿತ್ತ ಬಾಗುತ್ತದೆ. ಡಿಗ್ರಿಯನ್ನು 3600 ಪಾಲು ಮಾಡಿದರೆ ಅದರಲ್ಲೊಂದು ಆರ್ಕ್‌ಸೆಕೆಂಡ್. 8.6 ಜ್ಯೋತಿರ್ವರ್ಷ ದೂರದ ಲುಬ್ಧಕ (ಸಿರಿಯಸ್) ನಕ್ಷತ್ರ ನಮಗೆ ಕಾಣುವ ಗಾತ್ರ ಸುಮಾರು 0.006 ಆರ್ಕ್‌ಸೆಕೆಂಡ್, ಅಂದರೆ ಬರೀ ಬಿಂದು. ಗಾಳಿ ಅಲುಗಿದಾಗ ಆ ಬಿಂದುವಿನ ಬೆಳಕು ಇಡಿಯಾಗಿ ಹೆಚ್ಚುಕಡಿಮೆಯಾಗುತ್ತದೆ. ಗುರುವಿನ ಬಿಲ್ಲೆಯಾದರೋ 30ರಿಂದ 50 ಆರ್ಕ್‌ಸೆಕೆಂಡ್ ಅಗಲ. ಅದರ ಒಂದೊಂದು ಬಿಂದುವೂ ಮಿನುಗುತ್ತದೆ, ಆದರೆ ಒಂದು ಮಂಕಾದಾಗ ಪಕ್ಕದ್ದು ಹೊಳೆದು ಒಟ್ಟು ಬೆಳಕು ಸಮನಾಗಿ ಉಳಿಯುತ್ತದೆ.

ಈಗ ಸೂತ್ರ ಎಲ್ಲಿ ಕೆಡುತ್ತದೆ ನೋಡಿ. ದಿಗಂತದಿಂದ 10 ಡಿಗ್ರಿ ಎತ್ತರದಲ್ಲಿರುವ ಚುಕ್ಕಿಯ ಬೆಳಕು, ನೆತ್ತಿಯ ಮೇಲಿನದಕ್ಕಿಂತ ಐದು ಪಟ್ಟಿಗೂ ಹೆಚ್ಚು ಗಾಳಿಯನ್ನು ದಾಟಿ ಬರಬೇಕು. ಅಷ್ಟು ಕೆಳಗಿದ್ದರೆ ಶುಕ್ರವೂ ಕೆಂಪು ಹಸಿರಾಗಿ ಮಿಣುಕುತ್ತದೆ. ಬುಧ ಯಾವಾಗಲೂ ದಿಗಂತದ ಹತ್ತಿರವೇ ಕಾಣುವುದರಿಂದ ಅದಕ್ಕೆ ಈ ಪರೀಕ್ಷೆ ದಂಡ. ಮಂಗಳ ದೂರ ಹೋದಾಗ 4 ಆರ್ಕ್‌ಸೆಕೆಂಡಿಗೆ ಕುಗ್ಗಿ ನಕ್ಷತ್ರದಂತೆಯೇ ನಡೆದುಕೊಳ್ಳುತ್ತದೆ. ಗಾಳಿ ನಿಶ್ಚಲವಾದ ರಾತ್ರಿ ನೆತ್ತಿಯ ನಕ್ಷತ್ರವೂ ಮಿನುಗದೆ ಸುಮ್ಮನಿರಬಹುದು. ಆದ್ದರಿಂದ ಚುಕ್ಕಿ 30 ಡಿಗ್ರಿಗಿಂತ ಮೇಲೆ ಬಂದ ಮೇಲಷ್ಟೇ ಈ ಪರೀಕ್ಷೆ ಮಾಡಿ. ಅಳೆಯುವುದು ಸುಲಭ: ತೋಳು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಮೂರು ಮುಷ್ಟಿ ಒಂದರ ಮೇಲೊಂದು ಇಟ್ಟರಾಯಿತು.

ಇದಕ್ಕಿಂತ ಗಟ್ಟಿಯಾದ ಗುರುತು ದಾರಿ. ಬರಿಗಣ್ಣಿಗೆ ಕಾಣುವ ಐದೂ ಗ್ರಹಗಳು ಸೂರ್ಯ ಸಾಗುವ ದಾರಿಯಿಂದ, ಅಂದರೆ ಕ್ರಾಂತಿವೃತ್ತದಿಂದ, ಒಂದು ಮುಷ್ಟಿಗಿಂತ ಆಚೆ ಹೋಗುವುದಿಲ್ಲ. ಚಂದ್ರನೂ ಅದೇ ಪಟ್ಟಿಯಲ್ಲಿ ಓಡಾಡುವುದರಿಂದ ನಾಲ್ಕೈದು ರಾತ್ರಿ ಅವನನ್ನು ಗಮನಿಸಿದರೆ ದಾರಿ ಕಣ್ಣಿಗೆ ಕೂರುತ್ತದೆ. ಉತ್ತರದಲ್ಲಿ ಸಪ್ತರ್ಷಿಯ ಬಳಿ ಹೊಳೆಯುವುದು, ದಕ್ಷಿಣದಲ್ಲಿ ಕೆಳಗೆ ಕಾಣುವ ಅಗಸ್ತ್ಯ, ಲುಬ್ಧಕ, ಸ್ವಾತಿ ಇವೆಲ್ಲ ದಾರಿಯ ಹೊರಗಿನವು. ಅವನ್ನು ಯೋಚಿಸದೆ ಬದಿಗಿಡಬಹುದು.

ದಾರಿಯ ಮೇಲೆ ನಮ್ಮನ್ನು ಗೊಂದಲಕ್ಕೆ ಕೆಡಹುವಷ್ಟು ಪ್ರಕಾಶದ ನಕ್ಷತ್ರಗಳು ಬೆರಳೆಣಿಕೆಯಷ್ಟು: ಕೆಂಪುಛಾಯೆಯ ರೋಹಿಣಿ, ಜೋಡಿಯಾಗಿರುವ ಪುನರ್ವಸು, ಮಘಾ, ಬಿಳಿನೀಲಿಯ ಚಿತ್ತಾ, ಕೆಂಪು ಜ್ಯೇಷ್ಠಾ. ಇವಿಷ್ಟನ್ನು ಪರಿಚಯ ಮಾಡಿಕೊಂಡರೆ, ಆ ದಾರಿಯಲ್ಲಿ ಕಾಣುವ ಅಪರಿಚಿತ ಚುಕ್ಕಿ ಗ್ರಹವೇ. ಜ್ಯೇಷ್ಠಾದ ಬಗ್ಗೆ ಮಾತ್ರ ಎಚ್ಚರ. ಅದನ್ನು ಮಂಗಳವೆಂದು ತಪ್ಪು ತಿಳಿಯುವವರು ಹಿಂದಿನಿಂದಲೂ ಇದ್ದಾರೆ. ಅದರ ಗ್ರೀಕ್ ಹೆಸರು ಆಂಟಾರೆಸ್, ಅಂದರೆ ಮಂಗಳನ ಎದುರಾಳಿ.

ಯಾವ ಗ್ರಹ ಎಂಬುದಕ್ಕೆ ಪ್ರಕಾಶವೇ ಸುಳಿವು. ಹಳ್ಳಿಗಳಲ್ಲಿ ಬೆಳ್ಳಿ ಎಂದು ಕರೆಯುವ ಶುಕ್ರಕ್ಕೆ ಸಾಟಿಯೇ ಇಲ್ಲ. ಆದರೆ ಅದು ಸೂರ್ಯನಿಂದ 47 ಡಿಗ್ರಿಗಿಂತ ದೂರ ಸರಿಯದು. ಮುಸ್ಸಂಜೆ ಪಡುವಣದಲ್ಲಿ, ಇಲ್ಲವೇ ನಸುಕಿನಲ್ಲಿ ಮೂಡಣದಲ್ಲಿ ಮಾತ್ರ ಅದರ ದರ್ಶನ. ನಡುರಾತ್ರಿ ನೆತ್ತಿಯಲ್ಲಿ ಲುಬ್ಧಕವನ್ನೂ ಮೀರಿಸಿ ಬೆಳಗುತ್ತಿದ್ದರೆ ಅದು ಹೆಚ್ಚಾಗಿ ಗುರು. ಏಮಾರಿಸುವುದು ಶನಿ. ಮಂಕು ಹಳದಿ, ಸಾಮಾನ್ಯ ನಕ್ಷತ್ರದಷ್ಟೇ ಹೊಳಪು. ಮಂಗಳ ಸುಮಾರು 26 ತಿಂಗಳಿಗೊಮ್ಮೆ ಹತ್ತಿರ ಬಂದು ಉಜ್ವಲವಾಗುತ್ತದೆ. ಮಂಗಳ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಆಗಸ್ಟ್ ಬಂದಾಗ ಓಡಾಡುವ ವಾಟ್ಸ್ಯಾಪ್ ಸಂದೇಶವನ್ನು ಅಲ್ಲೇ ಅಳಿಸಿ. 2003ರ ಆಗಸ್ಟ್‌ನಲ್ಲಿ ಅದು ಅತಿ ಸಮೀಪ ಬಂದಿದ್ದಾಗಲೂ ಅಗಲ 25 ಆರ್ಕ್‌ಸೆಕೆಂಡ್ ಅಷ್ಟೇ, ಚಂದ್ರನ ಎಪ್ಪತ್ತರಲ್ಲಿ ಒಂದು ಪಾಲೂ ಇಲ್ಲ.

ಮನೆಯ ಗೋಡೆಗೆ ನೇತುಹಾಕಿದ ಪಂಚಾಂಗವೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಫಲಭವಿಷ್ಯ ಬಿಡಿ, ಗ್ರಹ ಯಾವ ರಾಶಿಯಲ್ಲಿದೆ ಎಂಬುದನ್ನಷ್ಟೇ ನೋಡಿ. ನಮ್ಮ ಪಂಚಾಂಗದ ರಾಶಿಗಳು ನಕ್ಷತ್ರಗಳಿಗೆ ಕಟ್ಟಿದ ನಿರಯನ ರಾಶಿಗಳಾದ್ದರಿಂದ, ಗುರು ಮಿಥುನದಲ್ಲಿದ್ದಾನೆ ಎಂದಿದ್ದರೆ ಆಕಾಶದಲ್ಲೂ ಪುನರ್ವಸುವಿನ ಆಸುಪಾಸಿನಲ್ಲೇ ಹುಡುಕಬಹುದು. ರಾಶಿಗಳು 30 ಡಿಗ್ರಿಯ ಸಮಪಾಲು, ನಕ್ಷತ್ರಪುಂಜಗಳು ಹಾಗಲ್ಲ. ಹಾಗಾಗಿ ಗಡಿಯಲ್ಲಿ ಸ್ವಲ್ಪ ವ್ಯತ್ಯಾಸ ಸಹಜ. ಗುರು ವರ್ಷಕ್ಕೊಂದು ರಾಶಿ, ಶನಿ ಎರಡೂವರೆ ವರ್ಷಕ್ಕೊಂದು. ಏಳೂವರೆ ವರ್ಷದ ಸಾಡೇಸಾತಿಯ ಲೆಕ್ಕವೂ ಇದರಿಂದಲೇ ಬಂದದ್ದು, ಮೂರು ರಾಶಿ.

ಇನ್ನೂ ಅನುಮಾನವಿದ್ದರೆ ಚುಕ್ಕಿಯನ್ನು, ಅದರ ಅಕ್ಕಪಕ್ಕದ ಎರಡು ನಕ್ಷತ್ರಗಳೊಂದಿಗೆ, ಪುಸ್ತಕದಲ್ಲಿ ಬರೆದುಕೊಳ್ಳಿ. ಶುಕ್ರ, ಮಂಗಳ ಸಾಮಾನ್ಯವಾಗಿ ವಾರದೊಳಗೇ ಸರಿದಿರುತ್ತವೆ. ಗುರುವಿಗೆ ಎರಡು ಮೂರು ವಾರ, ಶನಿಗೆ ತಿಂಗಳಿಗೂ ಹೆಚ್ಚು ಕೊಡಿ. ವಕ್ರಗತಿಗೆ, ಅಂದರೆ ಹಿಂದಕ್ಕೆ ಸರಿಯುವಂತೆ ಕಾಣುವ ನಡೆಗೆ, ಹೊರಳುವ ದಿನಗಳಲ್ಲಿ ಗ್ರಹ ನಿಂತೇಬಿಟ್ಟಂತೆ ಕಾಣುವುದರಿಂದ, ಸರಿಯಲಿಲ್ಲವೆಂದು ಕೂಡಲೇ ನಕ್ಷತ್ರದ ಪಟ್ಟ ಕಟ್ಟಬೇಡಿ.

10×50 ಬೈನಾಕ್ಯುಲರ್ ಇದ್ದರೆ ಗುರುವಿನ ಪಕ್ಕ ಒಂದೇ ಸಾಲಿನಲ್ಲಿ ನಾಲ್ಕರವರೆಗೆ ಉಪಗ್ರಹಗಳು ಕಾಣುತ್ತವೆ. ಕೈ ನಡುಗಿದರೆ ಅವು ಬೆಳಕಿನಲ್ಲಿ ಕಲಸಿಹೋಗುತ್ತವೆ, ಮೊಣಕೈಗಳನ್ನು ತಾರಸಿಯ ಅಡ್ಡಗೋಡೆಗೆ ಊರಿಕೊಳ್ಳಿ. ಶನಿಯ ಉಂಗುರಕ್ಕೆ ಇದು ಸಾಲದು. 25–30 ಪಟ್ಟು ಹಿಗ್ಗಿಸುವ ದೂರದರ್ಶಕವಾದರೂ ಬೇಕು. 2025ರ ಮಾರ್ಚ್‌ನಲ್ಲಿ ಉಂಗುರದ ಅಂಚು ನೇರ ನಮ್ಮತ್ತ ತಿರುಗಿ ಅದು ಗೆರೆಯಷ್ಟು ತೆಳುವಾಗಿತ್ತು. 2032ರ ಸುಮಾರಿಗೆ ಪೂರ್ತಿ ಅಗಲಕ್ಕೆ ತೆರೆದುಕೊಳ್ಳುತ್ತದೆ.